ತಾತನ ಹಿಂದೆ ಬರುತ್ತಿದ್ದ ಬೆಕ್ಕು

ಆ ಕಾಲದಲ್ಲಿ ಶಿಡ್ಲಘಟ್ಟದ ಸುತ್ತಲಿನ ಹಳ್ಳಿಗಳಲ್ಲಿ ಮನೆ ಕಟ್ಟಿಸುತ್ತಿದ್ದುದೇ ಹುಳಕ್ಕೆ. ಮಿಕ್ಕ ಜಾಗದಲ್ಲಿ ಮನುಷ್ಯರು ಹೇಗೋ ಹೊಂದಿಕೊಂಡು ಇರುತ್ತಿದ್ದರು. ರೇಷ್ಮೆ ಹುಳ ಸಾಕಿದ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಳ ಸಣ್ಣದಿದ್ದಾಗ ನಡುಮನೆಯ ಒಂದು ಮೂಲೆ ಸಾಕು. ಅದು ಬೆಳೆದ ಹಾಗೆಲ್ಲ ಬಿದಿರಿನ ತಟ್ಟೆಗಳು ಹೆಚ್ಚುತ್ತಾ ಹೋಗಿ, ನಡುಮನೆ ತುಂಬಿ, ಪಡಸಾಲೆಗೂ ಬಂದು, ಕೊನೆಗೆ ನಾವು ಅಡುಗೆಮನೆಯಲ್ಲಿ ಕಾಲು ಮಡಿಸಿಕೊಂಡು ಮಲಗುತ್ತಿದ್ದೆವು. ಆ ತಿಂಗಳು ಮನೆಯಲ್ಲಿ ಒಗ್ಗರಣೆ ಹಾಕುವ ಹಾಗಿಲ್ಲ, ಘಾಟು ಹುಳಕ್ಕೆ ಆಗದು ಅಂತ. ಸಪ್ಪೆ ಸಾರು, ಮುದ್ದೆ, ಮತ್ತೆ ಸಪ್ಪೆ ಸಾರು. ಹೂವು ಮುಡಿಯುವ ಹಾಗಿಲ್ಲ, ಹೊರಗಿನವರು ಒಳಗೆ ಬರುವ ಹಾಗಿಲ್ಲ. ಬೀಗರಿಗೂ ಸಿಗದ ಮರ್ಯಾದೆ ಹುಳಕ್ಕೆ.

ನಾನು ಹೇಳಹೊರಟಿರುವುದು ಮಾತ್ರ ಬೆಕ್ಕಿನ ವಿಷಯ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು, ನನಗೆ ಒಂಬತ್ತೋ ಹತ್ತೋ ವರ್ಷ. ಶ್ರಾವಣದಲ್ಲಿ ತಾತ ತೀರಿಕೊಂಡಿದ್ದರು. ಕಾರ್ತಿಕ ಕಳೆದು ಚಳಿ ಹಿಡಿದಾಗ ಅಪ್ಪ ಮತ್ತೆ ಹುಳ ಇಟ್ಟರು. ತಾತ ಇಲ್ಲದ ಮನೆಯಲ್ಲಿ ಅದೇ ಮೊದಲ ಬೆಳೆ.

ಬೆಕ್ಕು ತಾತನದು. ಹುಳದ ಮನೆಗೆ ಇಲಿ ಕಾಟ ಇದ್ದದ್ದೇ, ಬೆಕ್ಕು ಇಲ್ಲದಿದ್ದರೆ ಬೆಳೆ ಕೈಗೆ ಹತ್ತುವುದಿಲ್ಲ. ಹಾಗಂತ ತಾತ ಅದನ್ನು ಕೆಲಸದ ಆಳಿನ ಹಾಗೆ ಇಟ್ಟುಕೊಂಡಿರಲಿಲ್ಲ. ಅವರು ಚಿಂತಾಮಣಿ ಕಡೆಯವರು. ಮನುಷ್ಯರ ಜೊತೆ ಕನ್ನಡ, ದನಕರು ಮತ್ತು ಬೆಕ್ಕಿನ ಜೊತೆ ತೆಲುಗು. ಮನಸ್ಸಿನ ಮಾತೆಲ್ಲ ತೆಲುಗಿನಲ್ಲೇ ಇತ್ತು ಅಂತ ಕಾಣುತ್ತದೆ, ನಮಗೆ ಸಿಕ್ಕಿದ್ದು ಮಿಕ್ಕಿದ್ದು. ಬೆಕ್ಕಿಗೆ ಹೆಸರೇ ಇರಲಿಲ್ಲ. "ರಾವೇ ತಲ್ಲಿ, ರಾ," ಬಾರೇ ತಾಯಿ ಬಾ ಅಂತ, ತಾತ ಕರೆದರೆ ಎಲ್ಲಿದ್ದರೂ ಬರುತ್ತಿತ್ತು. ನಾವು ಕನ್ನಡದಲ್ಲಿ ಕರೆದರೆ ಕಿವಿ ಕೂಡ ಆಡಿಸುತ್ತಿರಲಿಲ್ಲ. ಬೂದು ಬಣ್ಣದ ಹೆಣ್ಣು ಬೆಕ್ಕು, ಬಲು ಜಂಬ.

ಸಂಜೆ ತೋಟದಿಂದ ತಾತ ಬರುವ ಹೊತ್ತಿಗೆ ಅದು ಊರಬಾಗಿಲ ತನಕ ಹೋಗಿ, ಅವರ ಹಿಂದೆಯೇ ಬಾಲ ಎತ್ತಿಕೊಂಡು ಬರುತ್ತಿತ್ತು. ತಾತ ಬಾಗಿಲ ಮುಂದಿನ ಕಲ್ಲಿನ ಮೇಲೆ ನಿಂತು ಕಾಲು ತೊಳೆದು, ಒಳಗೆ ಬಂದು ಪಡಸಾಲೆಯ ಗೋಡೆಗೆ ಒರಗಿ ಕೂರುತ್ತಿದ್ದರು. ಕೂತ ಮೇಲೆ ದಾರದ ತುದಿಗೆ ಒಂದು ತೂತಾದ ರೇಷ್ಮೆ ಗೂಡು ಕಟ್ಟಿ ನೆಲದ ಮೇಲೆ ಮೆಲ್ಲಗೆ ಎಳೆಯುವುದು. ಬೆಕ್ಕು ಹೊಟ್ಟೆ ನೆಲಕ್ಕೆ ತಾಗಿಸಿ ಹೊಂಚು ಹಾಕಿ, ಹಾರಿ, ಹಿಡಿಯುತ್ತಿತ್ತು. ಹಿಡಿದ ಮೇಲೆಯೇ ಅದಕ್ಕೆ ಊಟ.

"ಮೊದಲೇ ಹಾಕ್ಬಿಡು ತಾತ, ಪಾಪ," ಅಂತ ನಾನು ಅನ್ನುತ್ತಿದ್ದೆ.

"ಬೇಟೆ ಆಡಿ ತಿಂದೆ ಅಂತ ಅದಕ್ಕೆ ಅನ್ನಿಸ್ಬೇಕು ಕಣಮ್ಮ. ಸುಮ್ನೆ ಹಾಕಿದ್ರೆ ಭಿಕ್ಷೆ ಆಗತ್ತೆ," ಅನ್ನುತ್ತಿದ್ದರು.

ಅವರ ತಿಥಿ ಮುಗಿದ ಮೇಲೆ ಅಟ್ಟದ ಮೇಲಿದ್ದ ಹಳೆಯ ಕಂಬಳಿಯನ್ನು ಯಾರಿಗೋ ಕೊಟ್ಟರು. ಹುಳ ಇಡುವ ಮುಂಚೆ ಸುಣ್ಣ ಬಳಿಯುವಾಗ, ಪಡಸಾಲೆಯ ಕಂಬಕ್ಕೆ ತಾತ ಸುತ್ತಿದ್ದ ನಾರಿನ ಹಗ್ಗವನ್ನು ಅಪ್ಪ ಬಿಚ್ಚಿ ಎಸೆದರು. ಹಿತ್ತಿಲ ಬಾಗಿಲ ಹತ್ತಿರ ಬೂದಿ ತುಂಬಿಟ್ಟಿದ್ದ ಒಡಕು ಬಾನಿ ತಿಪ್ಪೆಗೆ ಹೋಯಿತು. ಅಟ್ಟದ ತುಂಬ ಚಂದ್ರಂಕಿ ಜೋಡಿಸಿದರು, ಹುಳ ಗೂಡು ಕಟ್ಟುವ ದೊಡ್ಡ ಬಿದಿರಿನ ತಡಿಕೆಗಳು ಅವು. ಇವೆಲ್ಲ ಇನ್ನೊಬ್ಬರಿಗೆ ಸೇರಿದ್ದು ಅಂತ ಆಗ ಯಾರಿಗೂ ಹೊಳೆಯಲಿಲ್ಲ.

ಹುಳ ಸೊಪ್ಪು ತಿನ್ನುವ ಸದ್ದು ನಿಮಗೆ ಗೊತ್ತಿರಬಹುದು. ಹಗಲೂ ರಾತ್ರಿ ಮನೆಯೊಳಗೆ ತುಂತುರು ಮಳೆ ಹಿಡಿದ ಹಾಗೆ. ಆದರೆ ಹುಳ ಪೊರೆ ಬಿಡುವ ಮುಂಚೆ ತಿನ್ನುವುದು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂರುತ್ತದೆ. ಅದಕ್ಕೆ ಜ್ವರ ಅನ್ನುತ್ತೇವೆ. ಸಾವಿರಾರು ಹುಳ ಒಟ್ಟಿಗೆ ತಲೆ ಎತ್ತಿ ನಿಂತುಬಿಟ್ಟರೆ ಮನೆಯಲ್ಲಿ ಆಗುವ ನಿಶ್ಶಬ್ದ ಬೇರೆಲ್ಲೂ ಇಲ್ಲ. ಉಸಿರು ಬಿಡುವುದಕ್ಕೂ ಅಂಜಿಕೆ.

ಕೊನೆಯ ಜ್ವರಕ್ಕೆ ಹುಳ ಕೂತ ಸಂಜೆ ಅದು ಮೊದಲ ಸಲ ಆಯಿತು. ಅಮ್ಮ ಆಗಷ್ಟೇ ದೀಪ ಹಚ್ಚಿದ್ದಳು. ಅಜ್ಜಿ ಖಾಲಿ ಸೊಪ್ಪಿನ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದಳು. ಬೆಕ್ಕು ಬೀದಿಯಿಂದ ಬಂತು. ಬಾಲ ನೆಟ್ಟಗೆ ಎತ್ತಿಕೊಂಡು, ತಲೆ ಮೇಲೆ ಮಾಡಿ, ನಿಧಾನಕ್ಕೆ ಹೆಜ್ಜೆ ಇಡುತ್ತಿತ್ತು. ಒಂಟಿ ಬೆಕ್ಕು ಹಾಗೆ ನಡೆಯುವುದಿಲ್ಲ. ಕಾಲು ತೊಳೆಯುವ ಕಲ್ಲಿನ ಹತ್ತಿರ ನಿಂತಿತು. ಮುದುಕರೊಬ್ಬರು ಎರಡೂ ಕಾಲು ತೊಳೆದುಕೊಳ್ಳುವಷ್ಟು ಹೊತ್ತು ಕಾದು, ಹೊಸ್ತಿಲು ದಾಟಿತು. ದಾಟುವಾಗ ಒಂದು ಪಕ್ಕಕ್ಕೆ ಸರಿಯಿತು, ಇನ್ನೊಬ್ಬರಿಗೆ ಜಾಗ ಬಿಟ್ಟುಕೊಟ್ಟು. ಆಮೇಲೆ ಪಡಸಾಲೆಯ ಆ ಗೋಡೆಯ ಎದುರು ಕೂತು, ಕೂತ ಮನುಷ್ಯನ ಮುಖ ಎಷ್ಟು ಎತ್ತರಕ್ಕೆ ಇರುತ್ತದೋ ಅಷ್ಟು ಎತ್ತರಕ್ಕೆ ನೋಡಿತು. ಮೆಲ್ಲಗೆ ಕಣ್ಣು ಮುಚ್ಚಿ ತೆರೆಯಿತು. ಅಲ್ಲಿ ಬರಿಯ ಸುಣ್ಣದ ಗೋಡೆ.

ಮುಂಗಾಲು ಚಾಚಿ ನೆಲದ ಮೇಲೆ ಏನನ್ನೋ ತಟ್ಟಿತು. ಏನೂ ಇರಲಿಲ್ಲ. ಮತ್ತೆ ತಟ್ಟಿತು.

ಅಮ್ಮ ದೀಪ ಹಿಡಿದವಳು ಹಾಗೇ ನಿಂತುಬಿಟ್ಟಳು. ಅಜ್ಜಿ ತಲೆಯ ಮೇಲೆ ಸೆರಗು ಎಳೆದುಕೊಂಡು, "ಬಂದ್ರಾ," ಅಂದಳು. ಅದು ನನಗಲ್ಲ, ಬೆಕ್ಕಿಗೂ ಅಲ್ಲ.

ಮಾರನೆಯ ಸಂಜೆ ಕಲ್ಲಿನ ಮೇಲೆ ಒಂದು ಚೊಂಬು ನೀರು ಇತ್ತು. ಇಟ್ಟವಳು ಅಜ್ಜಿ. ಬೆಕ್ಕು ಮತ್ತೆ ಹಾಗೇ ಬಂತು, ಹಾಗೇ ಕಾಯಿತು, ಹಾಗೇ ಪಕ್ಕಕ್ಕೆ ಸರಿಯಿತು. ದಿನಾ ಅದೇ ಆಯಿತು. ಒಂದು ಮಧ್ಯಾಹ್ನ ನಾನು ಹುಂಬ ಧೈರ್ಯ ಮಾಡಿ ಆ ಜಾಗದಲ್ಲಿ ಹೋಗಿ ಕೂತೆ. ಕಂಬದ ಹತ್ತಿರ ಮಲಗಿದ್ದ ಬೆಕ್ಕು ಎದ್ದು, ಮೈಕೂದಲು ನಿಮಿರಿಸಿ, ಮಗು ಅತ್ತ ಹಾಗೆ ಕೂಗಿತು. ಅದು ನನ್ನನ್ನು ನೋಡುತ್ತಿರಲಿಲ್ಲ, ನನ್ನ ತಲೆಗಿಂತ ಸ್ವಲ್ಪ ಮೇಲೆ ನೋಡುತ್ತಿತ್ತು. ನನ್ನ ಬೆನ್ನಿಗೆ ಗೋಡೆ ಬೆಚ್ಚಗೆ ತಾಗಿತು. ಗೋಡೆಯ ಆಚೆಗೆ ಹುಳಕ್ಕೆ ಕಾವು ಕೊಡುವ ಅಗ್ಗಿಷ್ಟಿಕೆ ಇತ್ತು, ಅದಕ್ಕೇ ಬೆಚ್ಚಗಿತ್ತು ಅಂತ ಈಗ ಹೇಳಿಕೊಳ್ಳುತ್ತೇನೆ. ಆಗ ಮಾತ್ರ ಎದ್ದು ಓಡಿದೆ.

ಅಜ್ಜಿಯ ಊಟ ಕಮ್ಮಿಯಾಯಿತು. ಸಂಜೆ ಆ ಗೋಡೆಯ ಕಡೆ ತಿರುಗಿ ಕೂತು, ಈ ಸಲ ಸೊಪ್ಪು ಚೆನ್ನಾಗಿದೆ, ಎತ್ತಿನ ಕಾಲು ವಾಸಿಯಾಯ್ತು, ಅಂತ ಮೆಲ್ಲಗೆ ಮಾತಾಡುತ್ತಿದ್ದಳು. ಅಷ್ಟು ಹೊತ್ತೂ ಮುಖ ಗೆಲುವಾಗಿರುತ್ತಿತ್ತು. ಬೆಕ್ಕಿನ ಗುಣ ಮಾತ್ರ ಕೆಡುತ್ತಾ ಹೋಯಿತು. ಇಲಿ ಹಿಡಿಯುವುದು ಬಿಟ್ಟಿತು. ತಟ್ಟೆಯ ಅಂಚು ಕೆರೆಯಿತು. ಒಂದು ದಿನ ಹೊಸ ಸೊಪ್ಪಿನ ರಾಶಿಯ ಮೇಲೇ ಗಲೀಜು ಮಾಡಿತು. ಹುಳದ ಮನೆಯಲ್ಲಿ ಇದಕ್ಕಿಂತ ದೊಡ್ಡ ಅಪರಾಧ ಇಲ್ಲ.

ಅಮ್ಮ ಅಡುಗೆಮನೆಯಲ್ಲಿ ಅಪ್ಪನಿಗೆ ಹೇಳುತ್ತಿದ್ದುದು ನನಗೆ ಕೇಳಿಸಿತು.

"ಅದು ದಾರಿ ತೋರಿಸ್ತಾ ಇದೆ ಕಣ್ರೀ. ಮಾವನೋರು ಸುಮ್ನೆ ಬರ್ತಿಲ್ಲ. ಅತ್ತೇನ ಕರ್ಕೊಂಡು ಹೋಗೋಕೆ ಬರ್ತಿದಾರೆ."

"ಗೂಡು ಮಾರೋಕೆ ಶಿಡ್ಲಘಟ್ಟಕ್ಕೆ ಗಾಡಿ ಹೋಗತ್ತಲ್ಲ, ಅವತ್ತು ಗೋಣಿಚೀಲದಲ್ಲಿ ಹಾಕ್ಕೊಂಡು ಹೋಗ್ತೀನಿ. ಗೂಡು ತಗೊಳೋ ಸಾಬರ ಮನೇಲಿ ಬಿಡ್ತೀನಿ. ಅವರ ಮನೇಲಿ ಬೆಕ್ಕಂದ್ರೆ ಪ್ರಾಣ," ಅಂದರು ಅಪ್ಪ.

"ಅಲ್ಲೀತನಕ?"

"ಅಲ್ಲೀತನಕ ಬಾಗಿಲು ಹಾಕ್ಕೊಂಡಿರು."

ನನಗೆ ಬೆಕ್ಕನ್ನು ಕಂಡರೆ ಹೆದರಿಕೆ, ಅದು ಹೋಗುತ್ತದೆ ಅಂದರೆ ಅಳು. ಎರಡೂ ಒಟ್ಟಿಗೆ ಇತ್ತು. ತಾತ ಆಡಿಸಿದ ಜೀವ ಅಂತ ಮನೆಯಲ್ಲಿ ನಾವಿಬ್ಬರೇ ಉಳಿದಿದ್ದೆವು, ನಾನು ಮತ್ತು ಅದು.

ಹುಳ ಜ್ವರದಿಂದ ಎದ್ದು ಕೆಲವು ದಿನವಾಗಿತ್ತು, ಹಗಲೂ ರಾತ್ರಿ ಸೊಪ್ಪು ತಿನ್ನುತ್ತಿದ್ದವು. ಎಲ್ಲರೂ ಸೊಪ್ಪು ತರುವ ಗಡಿಬಿಡಿಯಲ್ಲಿದ್ದರು. ಬೆಕ್ಕು ಪಡಸಾಲೆಯ ಕಂಬಕ್ಕೆ ಎರಡೂ ಮುಂಗಾಲು ಚಾಚಿ ಕೆರೆಯುತ್ತಿತ್ತು. ಹೊಸ ಸುಣ್ಣ ಪುಡಿಪುಡಿಯಾಗಿ ಉದುರಿತು, ಉಗುರು ಜಾರಿತು. ಅದು ಕಂಬವನ್ನೊಮ್ಮೆ, ನನ್ನನ್ನೊಮ್ಮೆ ನೋಡಿತು. ಆಗ ನನಗೆ ಹಗ್ಗ ನೆನಪಾಯಿತು. ಹಗ್ಗದ ಬೆನ್ನಿಗೇ ಬಾನಿ, ಕಂಬಳಿ, ಅಟ್ಟ, ಎಲ್ಲ ನೆನಪಾಯಿತು. ಇದಕ್ಕೆ ದೆವ್ವವೂ ಹಿಡಿದಿಲ್ಲ, ಹುಚ್ಚೂ ಹಿಡಿದಿಲ್ಲ, ಮನೆಯೇ ಇಲ್ಲದ ಹಾಗಾಗಿದೆ ಅಂದುಕೊಂಡೆ. ಹುಳ ಬಂದು ನಮ್ಮನ್ನು ಅಡುಗೆಮನೆಗೆ ತಳ್ಳಿತು, ಬೆಕ್ಕಿಗೆ ಆ ಮೂಲೆಯೂ ಸಿಗಲಿಲ್ಲ.

ಬಾವಿಯ ಹಳೇ ಹಗ್ಗದ ತುಂಡು ತಂದು ಕಂಬಕ್ಕೆ ಬಿಗಿಯಾಗಿ ಸುತ್ತಿದೆ. ಬೆಕ್ಕು ಮೂಸಿ, ಕಿವಿ ಹಿಂದಕ್ಕೆ ಮಾಡಿಕೊಂಡು, ಕಾಲು ಸೋಲುವಷ್ಟು ಹೊತ್ತು ಕೆರೆಯಿತು. ಒಡೆದ ಮಡಕೆಗೆ ಒಲೆಯ ಬೂದಿ ತುಂಬಿ, ಅದು ಗಲೀಜು ಮಾಡುವುದಕ್ಕೆಂದು ಹಿತ್ತಿಲ ಬಾಗಿಲ ಹಿಂದೆ, ಯಾರೂ ತುಳಿಯದ ಕಡೆ ಇಟ್ಟೆ. ಹುಳ ಹಣ್ಣಾಗಿ, ಗೂಡು ಕಟ್ಟುವ ಹೊತ್ತು ಬಂದು, ಚಂದ್ರಂಕಿಗಳನ್ನೆಲ್ಲ ಕೆಳಗಿಳಿಸಿದ ದಿನ ಅಟ್ಟ ಖಾಲಿಯಾಯಿತು. ಹಾಸುವುದಕ್ಕೆ ಏನೂ ಸಿಗಲಿಲ್ಲ. ಅಪ್ಪ ಬೆಕ್ಕಿಗೆಂದು ತೆಗೆದಿಟ್ಟಿದ್ದ ಗೋಣಿಚೀಲವನ್ನೇ ಮಡಿಸಿ ಅಟ್ಟದ ಅಂಚಿಗೆ ಹಾಕಿದೆ. ಬೆಕ್ಕು ಹತ್ತಿ, ಸುತ್ತು ಹಾಕಿ, ಮಲಗಿ, ಮೇಲಿನಿಂದ ಇಡೀ ಮನೆ ನೋಡಿತು.

ಆದರೂ ಸಂಜೆಯಾದರೆ ಇಳಿದು ಬೀದಿಗೆ ಹೋಗುತ್ತಿತ್ತು, ಹಾಗೇ ಯಾರನ್ನೋ ಕರೆತರುತ್ತಿತ್ತು. ಉಳಿದದ್ದು ದಾರದ ಆಟ ಒಂದೇ.

ಗಾಡಿ ಹೊರಡಲು ಇನ್ನು ಕೆಲವೇ ದಿನ ಇತ್ತು. ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ನಾನು ಅಡುಗೆಮನೆಯ ಬಾಗಿಲಲ್ಲಿ ಕೂತೆ. ದಾರಕ್ಕೆ ಗೂಡು ಕಟ್ಟಿದ್ದೆ. ಕಲ್ಲಿನ ಮೇಲೆ ಅಜ್ಜಿ ಇಟ್ಟ ಚೊಂಬು ಇತ್ತು. ಬೆಕ್ಕು ಬೀದಿಬಾಗಿಲ ಕಡೆ ಹೊರಟಿತ್ತು. ಕನ್ನಡದಲ್ಲಿ ಕರೆದೆ, ನಿಲ್ಲಲಿಲ್ಲ. ತಾತ ಕರೆಯುತ್ತಿದ್ದ ಹಾಗೇ, ಗಂಟಲು ದಪ್ಪ ಮಾಡಿಕೊಂಡು, "ರಾವೇ ತಲ್ಲಿ, ರಾ," ಅಂದೆ.

ಬೆಕ್ಕು ನಿಂತಿತು. ಪಡಸಾಲೆಯ ಮಧ್ಯದಲ್ಲಿ ಒಂದು ಮುಂಗಾಲು ಎತ್ತಿಕೊಂಡು, ಬಾಗಿಲ ಕಡೆ ನೋಡಿತು. ನನ್ನ ಕಡೆ ತಿರುಗಿತು. ಮತ್ತೆ ಬಾಗಿಲ ಕಡೆ. ಆಗ ಅಲ್ಲಿ ಗಾಳಿ ಇರಲಿಲ್ಲ, ದೀಪ ಅಲ್ಲಾಡಲಿಲ್ಲ. ಆದರೂ ಹೊಸ್ತಿಲ ಆಚೆ ಯಾರೋ ಕಾದು ನಿಂತಿದ್ದಾರೆ ಅಂತ ನನಗೆ ಖಂಡಿತವಾಗಿ ಅನ್ನಿಸಿತು. ಅವರೂ ಬೆಕ್ಕು ಏನು ಮಾಡುತ್ತದೆ ಅಂತಲೇ ನೋಡುತ್ತಿದ್ದರು. ನಾನು ದಾರ ಎಳೆದೆ. ಗೂಡು ನೆಲದ ಮೇಲೆ ಸರಿಯಿತು.

ಬೆಕ್ಕು ಹೊಟ್ಟೆ ನೆಲಕ್ಕೆ ತಾಗಿಸಿತು, ಹಾರಿತು, ಹಿಡಿಯಿತು. ನಾನು ಮುದ್ದೆ ಹಾಲು ಕಲಸಿ ಇಟ್ಟೆ, ಪೂರ್ತಿ ತಿಂದಿತು. ಆ ಸಂಜೆ ಬಾಗಿಲಿಗೆ ಯಾರೂ ಬರಲಿಲ್ಲ. ಅಜ್ಜಿ ತನ್ನ ಜಾಗದಿಂದಲೇ ಇದನ್ನೆಲ್ಲ ನೋಡುತ್ತಿದ್ದಳು.

ಮುಂದಿನ ಸಂಜೆಗಳೂ ಹಾಗೇ ಕಳೆದವು. ಬೆಕ್ಕು ಒಂದು ದಪ್ಪ ಇಲಿ ಹಿಡಿದು ತಂದು ಅಪ್ಪನ ಕಾಲ ಬಳಿ ಹಾಕಿತು. ಗಾಡಿ ಕಟ್ಟುವ ದಿನ ಅಪ್ಪ ಗೋಣಿಚೀಲ ಹುಡುಕಿ, ಅಟ್ಟದ ಮೇಲೆ ಅದರ ಮೇಲೇ ಮಲಗಿದ್ದ ಬೆಕ್ಕನ್ನು ನೋಡಿ, "ಇರ್ಲಿ ಬಿಡು, ಸರಿಹೋಗಿದೆ," ಅಂದರು. ಅಮ್ಮ ನಿಟ್ಟುಸಿರು ಬಿಟ್ಟು ಆವತ್ತೇ ಸಾಸಿವೆ ಸಿಡಿಸಿ ಸಾರಿಗೆ ಒಗ್ಗರಣೆ ಹಾಕಿದಳು. ಆ ವಾಸನೆಗೆ ನಾನು ಗೆದ್ದ ಸಂತೋಷದಲ್ಲಿ ಕುಣಿದಾಡಿದೆ.

ಸಂಜೆ ಅಜ್ಜಿ ಚೊಂಬು ಹಿಡಿದು ಬಾಗಿಲಲ್ಲಿ ಬಹಳ ಹೊತ್ತು ಕೂತಿದ್ದಳು. ಕತ್ತಲಾದ ಮೇಲೆ ನೀರನ್ನು ದಾಸವಾಳದ ಬುಡಕ್ಕೆ ಸುರಿದು, ಬಂದು ನನ್ನ ಪಕ್ಕ ಕೂತಳು.

"ಬೆಕ್ಕನ್ನ ಚೆನ್ನಾಗಿ ನೋಡ್ಕೊಂಡೆ ಕಣಮ್ಮ," ಅಂದಳು.

"ಹ್ಞೂಂ ಅಜ್ಜಿ."

"ಇನ್ನ ಅದಕ್ಕೆ ಅವರು ಬೇಕಾಗಿಲ್ಲ."

ನಾನು ಹೆಮ್ಮೆಯಿಂದ ತಲೆ ಆಡಿಸಿದೆ. ಅಜ್ಜಿ ನನ್ನ ಜಡೆ ನೇವರಿಸಿದಳು. ಕೋಪವೇನೂ ಇರಲಿಲ್ಲ. "ನನಗೆ ಬೇಕಾಗಿತ್ತು," ಅಂದಳು.

ಅಜ್ಜಿ ಆಮೇಲೂ ಬಹಳ ವರ್ಷ ಬದುಕಿದ್ದಳು. ಅಮ್ಮ ಹೆದರಿದ ಹಾಗೆ ಏನೂ ಆಗಲಿಲ್ಲ. ಗೋಡೆಯ ಜೊತೆ ಮಾತಾಡುವುದು ನಿಂತಿತು, ಎಲ್ಲರಿಗೂ ಸಮಾಧಾನವಾಯಿತು. ಮುಖದಲ್ಲಿ ಆ ಗೆಲುವು ಮಾತ್ರ ಮತ್ತೆ ಬರಲಿಲ್ಲ.

ಈಗ ಹುಳಕ್ಕೆ ಬೇರೆ ಮನೆಯೇ ಇದೆ, ತೋಟದ ಮಧ್ಯೆ, ತಗಡಿನ ಸೂರಿನದು. ಮನುಷ್ಯರ ಮನೆಯಲ್ಲಿ ಆ ಮಳೆಯ ಸದ್ದೂ ಇಲ್ಲ, ಅದು ನಿಂತಾಗಿನ ಮೌನವೂ ಇಲ್ಲ. ನಾನು ಚಿಕ್ಕಬಳ್ಳಾಪುರದಲ್ಲಿ ಮಗಳ ಜೊತೆ ಇದ್ದೇನೆ. ಇಲ್ಲೂ ಒಂದು ಬೆಕ್ಕಿದೆ, ನನ್ನ ಯಜಮಾನರು ತಂದು ಸಾಕಿದ್ದು. ಹೋದ ವರ್ಷ ಅವರು ತೀರಿಕೊಂಡಾಗ, ಅಷ್ಟು ದುಃಖದಲ್ಲೂ ಮಗಳು ಬೆಕ್ಕಿನ ಮರಳಿನ ತಟ್ಟೆ, ಊಟ, ಆಟ, ಮಲಗುವ ಜಾಗ ಒಂದನ್ನೂ ತಪ್ಪಿಸಲಿಲ್ಲ. ಹಗ್ಗ ಸುತ್ತಿದ ಕಂಬ ಈಗ ಅಂಗಡಿಯಲ್ಲೇ ಸಿಗುತ್ತದೆ, ಅದೂ ಇದೆ. ಇವೆಲ್ಲ ಬೇಕು ಅಂತ ಅವಳಿಗೆ ಹೇಳಿಕೊಟ್ಟವಳು ನಾನೇ.

ಬೆಕ್ಕು ಸುಖವಾಗಿದೆ. ಸಂಜೆ ದೀಪ ಹಾಕುವ ಹೊತ್ತಿಗೆ ಬಾಗಿಲ ಕಡೆ ಅದು ತಲೆ ಎತ್ತಿಯೂ ನೋಡುವುದಿಲ್ಲ. ನಾನು ನೋಡುತ್ತೇನೆ.