ಎಡತೋಳಿನ ಸೂಜಿ

ಅವ್ವನಿಗೆ ಕೊರೊನಾ ಲಸಿಕೆ ಹಾಕಿಸಿದವಳು ನಾನೇ. ರಾಯಚೂರಿನಿಂದ ಅದಕ್ಕಂತಲೇ ತವರೂರು ಜಾಲಹಳ್ಳಿಗೆ ಹೋಗಿ, ಆಸ್ಪತ್ರೆಗೆ ಎಳೆದುಕೊಂಡು ಹೋಗಿದ್ದೆ. "ಬಲಗೈ ಬ್ಯಾಡ್ರೀ ಸಿಸ್ಟರ್, ರೊಟ್ಟಿ ಬಡಿಯೋ ಕೈ ಅದು" ಎಂದು ಅವ್ವ ಎಡತೋಳು ಕೊಟ್ಟಳು.

ವರ್ಷ ದಾಟಿದ ಮೇಲೆ ಎಡ ಎದೆಯಲ್ಲೇ ಗಂಟು ಸಿಕ್ಕಿತು. ಡಾಕ್ಟರು ಕ್ಯಾನ್ಸರ್ ಎಂದರು. ಹಿರೇಕೊಟ್ನೆಕಲ್‌ನಿಂದ ನೋಡಲು ಬಂದ ಅವ್ವನ ತಂಗಿ, ನನ್ನ ಚಿಗವ್ವ, ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು. "ಸೂಜಿ ಹಾಕಿಸಿದ ಕಡೀನೇ ಬಂದದ ನೋಡು. ಆಕಿ ಒಲ್ಲೆ ಅಂದ್ರೂ ನೀ ಕೇಳಲಿಲ್ಲ."

ನನಗೆ ಮೈಯೆಲ್ಲ ಉರಿಯಿತು. "ಚಾ ಕುಡದು ಸುಮ್ನ ಕುಂದ್ರು ಚಿಗವ್ವ" ಎಂದು ಗದರಿದೆ. ಅವ್ವ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು, ತುಟಿ ಬಿಚ್ಚಲಿಲ್ಲ.

ಡಾಕ್ಟರನ್ನು ಕೇಳದೆ ಬಿಡಲಿಲ್ಲ. "ಲಸಿಕೆಯಿಂದ ಈ ಗಂಟು ಬರಂಗಿಲ್ಲಮ್ಮ. ನೀವು ತಪ್ಪು ಮಾಡಿಲ್ಲ" ಎಂದರು, ಪಾಪ, ಕೇಳಿದಾಗೆಲ್ಲ ಬೇಸರಿಸದೆ. ಅಲ್ಲಿ ಕುಳಿತಾಗ ನಂಬುತ್ತಿದ್ದೆ. ಆಟೋ ಹತ್ತಿದರೆ ಸಾಕು, ಮತ್ತೆ ಆ ಎಡತೋಳೇ ಕಣ್ಣ ಮುಂದೆ.

ಆಪರೇಷನ್ ಆಗಿ ಗಾಯ ಮಾಯ್ದ ಮೇಲೆ, ನನ್ನ ಮನೆಯಲ್ಲೇ ಅವ್ವನನ್ನು ತಲೆಗೆ ನೀರೆರೆಯಲು ಬಚ್ಚಲಲ್ಲಿ ಕೂರಿಸಿದೆ. ಸೀರೆ ಸರಿಸಲು ನಾಚಿದಳು.

"ನನ್ನ ಮುಂದ ಎಂಥ ನಾಚಿಕಿ ಬೇ? ನಾ ಊರಿಗೆ ಬಂದಾಗೆಲ್ಲ ಬೆನ್ನು ತಿಕ್ಕು ಬಾ ಅಂತ ನೀನೇ ಕರೀತಿದ್ದೆಲ್ಲ?"

ಅಂದ ಮೇಲೆ ನೆನಪಾಯಿತು. ಲಸಿಕೆ ಹಾಕಿಸಿದ ದಿನ ಬೆಳಿಗ್ಗೆ ಅವಳು ಕರೆದಿರಲಿಲ್ಲ. ಬಚ್ಚಲ ಬಾಗಿಲು ಹಾಕಿಕೊಂಡು ಒಬ್ಬಳೇ ಸ್ನಾನ ಮಾಡಿದ್ದಳು. ನೀರೆರೆಯಲು ಎತ್ತಿದ ತಂಬಿಗೆ ಕೆಳಗಿಟ್ಟೆ.

"ಯವ್ವಾ, ಸೂಜಿಗಿಂತ ಮೊದಲ ಇತ್ತೇನು ಗಂಟು?"

ಅವ್ವ ತಲೆ ತಗ್ಗಿಸಿದಳು. "ಕಡ್ಲಿಕಾಳಷ್ಟು ಇತ್ತು. ನೋಯ್ತಿದ್ದಿಲ್ಲ. ಗಂಡು ಡಾಕ್ಟರ ಮುಂದ ಹೆಂಗ ತೋರಸಲಿ ಅಂತ ಸುಮ್ಮನಿದ್ದೆ."

"ಹುಚ್ಚಿ! ಚಿಗವ್ವ ನನಗ ಅಂದಾಗಾದ್ರೂ ಬಾಯಿ ಬಿಡಬಾರದಿತ್ತೇನು?" ಅಳುತ್ತಲೇ ಕೂಗಾಡಿದೆ. ಲಸಿಕೆಯಿಂದಲ್ಲ, ನನ್ನಿಂದಲ್ಲ ಎಂಬ ಸಮಾಧಾನ ಒಂದು ಕಡೆ. ಇಷ್ಟು ದಿನ ಆ ಗಂಟು ಬೆಳೆಯಲು ಬಿಟ್ಟಳಲ್ಲ ಎಂಬ ಸಂಕಟ ಇನ್ನೊಂದು ಕಡೆ. "ನನಗ್ಯಾಕ ಹೇಳಲಿಲ್ಲ?"

"ಹಿಂಗ ಬೈತಿ ಅಂತ" ಎಂದಳು ಅವ್ವ.

ಅವಳ ಹಿಂದೆ ಕುಳಿತು ಮೆಲ್ಲಗೆ ಬೆನ್ನು ತಿಕ್ಕತೊಡಗಿದೆ.

"ಜೋರ ತಿಕ್ಕು ಯವ್ವಾ" ಎಂದಳು. "ಭಾಳ ದಿನ ಆತು ನೀ ತಿಕ್ಕಿ."