ಮಾತಾಡುವಷ್ಟೇ ಓಟ

ಬೆಳಿಗ್ಗೆ ನಮ್ಮ ಮನೆಯಲ್ಲಿ ನಡೆಯುವ ಮಾತುಕತೆಯನ್ನೆಲ್ಲ ಒಂದು ಬಸ್ ಟಿಕೆಟ್ಟಿನ ಹಿಂದೆ ಬರೆದಿಡಬಹುದು. “ಐಡಿ ಕಾರ್ಡ್ ತಗೊಂಡ್ರಾ?” “ಹೂಂ.” “ಕನ್ನಡಕ?” “ಹೂಂ.” ಅಷ್ಟರಲ್ಲಿ ಕೆಳಗೆ ಕಂಪನಿ ಕ್ಯಾಬಿನ ಹಾರ್ನ್ ಕೇಳಿಸುತ್ತದೆ, ಯಜಮಾನರು ಮೆಟ್ಟಿಲಿಳಿಯುತ್ತಾರೆ. ಮಗಳು ಶಾಲೆಯ ವ್ಯಾನಿಗೆ ಹೊರಡುವಾಗ ಬಾಯಿತುಂಬ ದೋಸೆ ಇರುವುದರಿಂದ ಕೈಯನ್ನಷ್ಟೇ ಬೀಸುತ್ತಾಳೆ. ಬಾಗಿಲು ಹಾಕಿದ ಮೇಲೆ ಫ್ರಿಜ್ಜು ಗುಂಯ್‌ಗುಡುವುದು ಕೇಳುತ್ತದೆ. ಅದು ಅಷ್ಟು ಹೊತ್ತೂ ಗುಂಯ್‌ಗುಡುತ್ತಲೇ ಇತ್ತೆಂದು ನನಗೆ ಗೊತ್ತಾಗುವುದು ಆಗಲೇ.

ಆ ದಿನವೂ ಹಾಗೇ ಆಯಿತು. ಹಾಲಿನ ಪಾತ್ರೆಗೆ ನೀರು ಬಿಟ್ಟು, ಒಲೆಕಟ್ಟೆ ಒರೆಸಿ, ಮಂಚದ ಕೆಳಗಿನಿಂದ ಶೂಗಳನ್ನು ಎಳೆದೆ. ಎಡಗಾಲಿನದರಲ್ಲಿ ಜೇಡವೊಂದು ಸಂಸಾರ ಹೂಡಿತ್ತು. ಅದನ್ನು ಬಾಲ್ಕನಿಯ ತುಳಸಿಕುಂಡಕ್ಕೆ ಸಾಗಿಸಿ ಕ್ಷಮೆ ಕೇಳಿದೆ. ಕಾನ್ವೆಂಟಿನಲ್ಲಿ ಕಲಿತವರಿಗೆ ಕ್ಷಮೆ ಕೇಳುವುದು ಉಸಿರಾಟದಷ್ಟೇ ಸಲೀಸು.

ನಾನು ಓಡುತ್ತೇನೆ ಎಂದರೆ ನಮ್ಮ ಶಾಲೆಯ ಸಿಸ್ಟರುಗಳು ನಂಬಲಿಕ್ಕಿಲ್ಲ. ಕಾರಿಡಾರಿನಲ್ಲಿ ಓಡಿದವಳನ್ನು ವಾಪಸು ಕಳಿಸಿ, ಅಷ್ಟೇ ದೂರ ನಿಧಾನವಾಗಿ ನಡೆಸುತ್ತಿದ್ದರು. ಹಾಗೆ ನಡೆಯುತ್ತಲೇ ಬೆಳೆದು, ಮದುವೆಯಾಗಿ, ಮಹದೇವಪುರದ ಈ ಗಲ್ಲಿಗೆ ಬಂದವಳನ್ನು ಓಡಿಸಿದವಳು ಮೇಲಿನ ಮನೆಯ ಸುಧಾ. ಓಡಿದ್ದಕ್ಕಿಂತ ಮಾತಾಡಿದ್ದೇ ಹೆಚ್ಚು. ಅತ್ತೆಯಂದಿರು, ಹುಳಿಪುಡಿ, ಮಕ್ಕಳ ಗಣಿತ ಎಲ್ಲವೂ ನಮ್ಮ ಜೊತೆಗೇ ಓಡುತ್ತಿದ್ದವು. ಆಮೇಲೆ ಅವಳ ಗಂಡನಿಗೆ ಪುಣೆಗೆ ವರ್ಗವಾಯಿತು. ಸಾಮಾನಿನ ಲಾರಿ ಹೋದ ಮರುದಿನವೂ ನಾನು ಓಡಿದೆ. ಮಾತಿರಲಿಲ್ಲವಲ್ಲ, ವೇಗಕ್ಕೆ ಕಡಿವಾಣವೂ ಇರಲಿಲ್ಲ. ಯಾರ ಮೇಲೋ ಸಿಟ್ಟು ಬಂದವಳಂತೆ ಓಡಿದೆ. ಒಂದು ವಾರ ಕಳೆಯುವುದರೊಳಗೆ ಬಲ ಮಂಡಿ ಊದಿಕೊಂಡು ಮಂಗಳೂರು ಬನ್ನಿನಂತಾಯಿತು.

ತಿಂಗಳುಗಟ್ಟಲೆ ವಿಶ್ರಾಂತಿಯಾದ ಮೇಲೆ ಫಿಸಿಯೋಥೆರಪಿಯ ಹುಡುಗಿ ಅಪ್ಪಣೆ ಕೊಟ್ಟಳು. “ಮೊದ್ಲಿಂದ ಶುರು ಮಾಡಿ ಆಂಟಿ. ಮುಂಚೆ ಎಷ್ಟು ಓಡ್ತಿದ್ರಿ ಅನ್ನೋದು ಮರ್ತುಬಿಡಿ. ಒಂದು ಲೈಟ್ ಕಂಬದಿಂದ ಇನ್ನೊಂದಕ್ಕೆ ಓಡಿ, ಆಮೇಲೆ ಎರಡು ಕಂಬ ನಡೀರಿ. ದಿನ ಬಿಟ್ಟು ದಿನ. ಮಾರನೇ ದಿನಾನೂ ನೋವಿದ್ರೆ ನಿಲ್ಸಿ. ಮತ್ತೆ, ಪಕ್ಕದಲ್ಲಿರೋರ ಜೊತೆ ಮಾತಾಡೋಕಾಗ್ಬೇಕು. ಅಷ್ಟೇ ಸ್ಪೀಡು.”

ಎಲ್ಲ ಅರ್ಥವಾಯಿತು. ಪಕ್ಕದಲ್ಲಿರುವವರನ್ನು ಎಲ್ಲಿಂದ ತರುವುದು ಎಂದು ಕೇಳಲು ಮಾತ್ರ ಸಂಕೋಚವಾಯಿತು.

ಹಿಂದಿನವರಿಗೆ ಈ ಗುಟ್ಟು ತಿಳಿದಿತ್ತೆಂದು ನನ್ನ ಗುಮಾನಿ. ರಾಗಿ ಬೀಸುತ್ತ ಹೆಂಗಸರು ಪದ ಹೇಳುತ್ತಿದ್ದರಲ್ಲ, ಅದು ಬೇಸರ ಕಳೆಯಲು ಎಂದು ಪಂಡಿತರು ಹೇಳುತ್ತಾರೆ. ಪದ ಹೇಳಲು ಉಸಿರು ಉಳಿದಿದ್ದರೆ ಬೀಸುವ ಕೈಯೂ ಉಳಿಯುತ್ತದೆ, ಇಷ್ಟೇ ಇರಬಹುದು. ಆದರೆ ಬೀಸುಕಲ್ಲಿನ ಎದುರು ಇನ್ನೊಬ್ಬಳು ಗೂಟ ಹಿಡಿದು ಕೂತಿರುತ್ತಿದ್ದಳು. ಪದದ ಮುಂದಿನ ಸಾಲು ಅವಳದು.

ಸುಧಾಳಿಗೆ ಫೋನ್ ಮಾಡಬಹುದಿತ್ತು. ಆದರೆ ಅವಳಿಗೆ ಅಲ್ಲಿ ಓಡುವ ಗುಂಪೇ ಸಿಕ್ಕಿದೆ. ಎಲ್ಲರೂ ಒಂದೇ ಬಣ್ಣದ ಟೀಶರ್ಟ್ ತೊಟ್ಟು ನಗುವ ಫೋಟೋ ಕಳಿಸುತ್ತಾಳೆ. ನಾನು ಹೆಬ್ಬೆರಳಿನ ಚಿತ್ರ ಕಳಿಸುತ್ತೇನೆ. ಹೀಗಾಗಿ ಅಂದು ನನಗೆ ತಿಳಿಯಬೇಕಿದ್ದದ್ದು ಮಂಡಿಯ ಸುದ್ದಿಯಲ್ಲ, ಒಬ್ಬಳೇ ಓಡುವುದು ನನ್ನಿಂದ ಆಗುತ್ತದೆಯೇ ಎಂಬುದು. ಆಗದಿದ್ದರೆ ಶೂಗಳನ್ನು ಕೆಲಸದ ಮಂಜುಳಾಳಿಗೆ ಕೊಟ್ಟು ಕೈತೊಳೆದುಕೊಳ್ಳುವುದೆಂದು ನಿಶ್ಚಯಿಸಿದ್ದೆ.

ಒಬ್ಬಳೇ ಮಾತಾಡುವವಳಿಗೆ ಊರು ಬೇರೆ ಹೆಸರಿಡುತ್ತದೆ. ಆದರೆ ನಮ್ಮ ಕಡೆ ಕಿವಿಯಿಂದ ವೈರು ಇಳಿಬಿಟ್ಟುಕೊಂಡವರು ಎಷ್ಟು ಬೇಕಾದರೂ ಒಬ್ಬರೇ ಮಾತಾಡಬಹುದು, ಮರ್ಯಾದೆ ಜಾಸ್ತಿಯೇ ಆಗುತ್ತದೆ. ಮಗಳ ಇಯರ್‌ಫೋನ್ ಕಿವಿಗೆ ಸಿಕ್ಕಿಸಿ ಇನ್ನೊಂದು ತುದಿಯನ್ನು ಚೂಡಿದಾರದ ಜೇಬಿಗೆ ಇಳಿಸಿದೆ. ಜೇಬಿನಲ್ಲಿದ್ದದ್ದು ಮನೆಯ ಬೀಗದಕೈ ಮಾತ್ರ. ಏನೋ ಹೇಳಲು ಬಂದ ಗೇಟಿನ ಸೆಕ್ಯುರಿಟಿಯವನು, “ಓ, ಕಾಲ್‌ನಲ್ಲಿದ್ದೀರಾ ಮೇಡಂ, ಸಾರಿ” ಎಂದು ಹಿಂದೆ ಸರಿದ.

ಮೊದಲ ಕಂಬಕ್ಕೆ ತರಕಾರಿಯ ವಿಷಯ ಮಾತಾಡಿದೆ, ಉಸಿರು ಸಾಲಿತು. ಮುಂದಿನ ಓಟಕ್ಕೆ ಹವಾಮಾನ. ಮೂರನೆಯದಕ್ಕೆ ವಿಷಯವೇ ಇರಲಿಲ್ಲ. ಸುಧಾ ಇದ್ದಾಗ ಇಷ್ಟೊಂದು ಏನು ಮಾತಾಡುತ್ತಿದ್ದೆವೋ! ಕೊನೆಗೆ ಶಾಲೆಯ ಕತೆ ತೆಗೆದೆ. ಪಕ್ಕದ ಬೆಂಚಿನ ಫಿಲೋಮಿನಾ ಸ್ಕೂಲ್ ಬ್ಯಾಗಿನಲ್ಲಿ ಕೋಳಿಮರಿ ತಂದದ್ದು, ಪ್ರಾರ್ಥನೆಯ ನಡುವೆ ಅದು ಚಿಂವ್ ಚಿಂವ್ ಎಂದದ್ದು, ಸಿಸ್ಟರು ಬ್ಯಾಗ್ ತೆಗೆ ಎಂದದ್ದು. ಹೇಳುತ್ತ ಹೇಳುತ್ತ ನನಗೇ ನಗು ಬಂತು. ನಕ್ಕು ಪಕ್ಕಕ್ಕೆ ತಿರುಗಿದೆ. ಪಕ್ಕದಲ್ಲಿ ನೀರಿನ ಟ್ಯಾಂಕರ್ ನಿಂತಿತ್ತು.

ಉಳಿದ ಕಂಬಗಳನ್ನು ಬಾಯಿ ಮುಚ್ಚಿ ನಡೆದೇ ಮುಗಿಸಿದೆ.

ಮಂಡಿ ನೋಯಲಿಲ್ಲ. ನೋವಾಗಿದ್ದರೆ ಚೆನ್ನಾಗಿತ್ತು, ಹೇಳಿಕೊಳ್ಳಲು ಕಾರಣವಾದರೂ ಇರುತ್ತಿತ್ತು. ಮಧ್ಯಾಹ್ನ ಶೂಗಳನ್ನು ಒರೆಸಿ, ಲೇಸು ಒಳಗಿಟ್ಟು ಬಟ್ಟೆಯ ಚೀಲಕ್ಕೆ ಹಾಕಿದೆ.

ಸಂಜೆ ಆ ಚೀಲ ಹಿಡಿದು ಮಂಜುಳಾಳ ಮನೆಯತ್ತ ಹೊರಟೆ. ಪಕ್ಕದ ಮನೆಯ ಜಯಮ್ಮ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಇಲ್ಲಿಯ ಹಳಬರು ಅವರು. ನಮ್ಮ ಅಪಾರ್ಟ್‌ಮೆಂಟು ನಿಂತಿರುವುದು ಒಂದು ಕಾಲಕ್ಕೆ ಅವರು ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ. ಇಷ್ಟು ವರ್ಷ ನಮ್ಮಿಬ್ಬರ ನಡುವೆ “ಊಟ ಆಯ್ತಾ” ದಾಟಿ ಮಾತು ಹೋಗಿರಲಿಲ್ಲ. ಇವತ್ತೂ ಅದನ್ನೇ ಕೇಳುತ್ತಾರೆಂದು ಉತ್ತರ ಸಿದ್ಧ ಮಾಡಿಕೊಂಡೆ.

ಅವರು ತಲೆಯೆತ್ತಲಿಲ್ಲ, ಕೈಯೂ ನಿಲ್ಲಲಿಲ್ಲ. “ಅಲ್ಲಾ ಕಣಮ್ಮ, ಸಿಸ್ಟ್ರು ಬ್ಯಾಗ್ ತೆಗಿ ಅಂದ್ರು ಅಂತ ಏಳ್ಬಿಟ್ಟು ಅಂಗೇ ಮೂಲೆ ತಿರುಗ್ಬಿಟ್ಯಲ್ಲ! ಫೋನಲ್ಲಿದ್ದೋರಿಗೇನೋ ಗೊತ್ತಾಯ್ತದೆ. ಇಲ್ಲಿ ರಂಗೋಲಿ ಬಿಡ್ತಾ ಕೂತಿದ್ದೋಳಿಗೆ ಎಂಗಮ್ಮ ಗೊತ್ತಾಗ್ಬೇಕು, ಆ ಕೋಳಿಮರಿ ಏನಾಯ್ತು ಅಂತ? ಇನ್ನೊಂದ್ಸಲ ಬಂದಾಗ ನಮ್ಮನೆ ಮುಂದೆ ಒಂಚೂರು ನಿಧಾನಕ್ಕೆ ಓಡು.”