ಅಜ್ಜನ ಕಲ್ಲಿನ ಮೇಲಿನ ಸುಣ್ಣ

ಭದ್ರಾವತಿಯ ಸ್ಮಶಾನದಲ್ಲಿ ಅಜ್ಜನ ಸಮಾಧಿ ಹಾಳುಬಿದ್ದಿರುತ್ತದೆ ಎಂದುಕೊಂಡೇ ಬಸ್ಸು ಹತ್ತಿದ್ದೆ. ಸ್ಮಶಾನ ಕಾಯುವ ಕೆಂಪಮ್ಮ ತೋರಿಸಿದ ಕಲ್ಲು ನೋಡಿದರೆ ಹಾಲಿನಷ್ಟು ಬೆಳ್ಳಗಿದೆ! ವರ್ಷವರ್ಷವೂ ಬಳಿದ ಸುಣ್ಣ ಪದರಗಟ್ಟಿ ಅಕ್ಷರಗಳೇ ಮುಚ್ಚಿಹೋಗಿದ್ದವು. ಬೀಗದಕೈಯಿಂದ ಕೆರೆದೆ. ಅಜ್ಜನ ಹೆಸರು ಬಂತು. ಅದರ ಕೆಳಗೆ, 'ಮಗಳು ಸರೋಜ ಹಾಕಿಸಿದ ಕಲ್ಲು.'

ಬೆಳಿಗ್ಗೆಯಷ್ಟೇ ಶಿವಮೊಗ್ಗದ ಕೋರ್ಟಿನಲ್ಲಿ ಹಳೆಯ ವಾರಸಾ ಅರ್ಜಿಯ ನಕಲು ಪಡೆದಿದ್ದೆ. ಅದರಲ್ಲಿ ಅಪ್ಪ, ತನ್ನ ತಂದೆಗೆ ತಾನೊಬ್ಬನೇ ಸಂತಾನ ಎಂದು ಪ್ರಮಾಣ ಮಾಡಿದ್ದಾರೆ. ಆ ಮಾತಿನ ಮೇಲೆ ಬಂದ ವಿನೋಬನಗರದ ಮನೆಯಲ್ಲೇ ನಾನು ಬೆಳೆದದ್ದು. ಸರೋಜ ಎಂಬ ಹೆಸರನ್ನು ಅಲ್ಲಿ ಯಾರೂ ಒಮ್ಮೆಯೂ ಆಡಿದ್ದಿಲ್ಲ.

"ಅಯ್ಯೋ, ಎಲ್ಲಾ ಕೆರೆದ್ಬಿಟ್ರಲ್ಲ ಮಾರಾಯ್ರೆ!" ಕೆಂಪಮ್ಮ ಗದರಿದರು. "ಪ್ರತಿ ಮಾಲಯ ಅಮಾಸೆಗೆ ಸರೋಜಮ್ಮ ಬಂದು ತಾವೇ ಕೈಯಾರೆ ಬಳೀತಾರೆ, ನನ್ ಕೈಗೆ ಬ್ರಷ್ ಕೊಡಲ್ಲ. ನಮ್ಮಪ್ಪಂಗೆ ನನ್ ಬಿಟ್ರೆ ಯಾರೂ ಇಲ್ಲ ಅಂತಾರೆ. ಈ ಸಲ ಬಂದು ಯಾರು ಕೆರೆದಿದ್ದು ಅಂದ್ರೆ ನಾನೇನ್ ಹೇಳ್ಲಿ?"

"ಸೋದರಳಿಯ ಅಂತ ಹೇಳಿ."

"ಹಂಗಾರೆ ಆಯಮ್ಮಂಗೆ ಒಡಹುಟ್ಟಿದೋರು ಇದಾರಾ?"

"ಒಬ್ರಿದ್ರು. ಹೋದ್ವರ್ಷ ತೀರ್ಕೊಂಡ್ರು."

ಚೀಲದಲ್ಲಿ ಬೇರೆ ಕಾಗದ ಇರಲಿಲ್ಲ. ಅಪ್ಪ ಪ್ರಮಾಣ ಮಾಡಿದ ಹಾಳೆಯನ್ನೇ ನಕಲಿನಿಂದ ಬಿಡಿಸಿ, ಹಿಂಬದಿಗೆ ವಿನೋಬನಗರದ ಮನೆಯ ವಿಳಾಸ ಬರೆದು, ಸರೋಜತ್ತೆಗೆ ಕೊಡಿ ಎಂದು ಕೆಂಪಮ್ಮನ ಕೈಗಿಟ್ಟೆ.